ಹದಿನಾಲ್ಕನೇ ನಂಬರಿನ ಯಂತ್ರ

ಕರ್ನಾಟಕದ ಗಡಿಗೆ ಹತ್ತಿದ ಮಕ್ತಲ್‌ನ ಒಂದು ಖಾಸಗಿ ಶಾಲೆಯಲ್ಲಿ ನಾನು ಕಂಪ್ಯೂಟರ್ ಟೀಚರ್ ಆಗಿ ಸೇರಿದಾಗ ಹೊಸ ರಾಜ್ಯ ಬಂದು ಒಂದೆರಡು ವರ್ಷವಾಗಿತ್ತು. ಶಾಲೆಯ ಗೋಡೆ ಮೇಲಿದ್ದ ಹಳೆಯ ರಾಜ್ಯದ ಹೆಸರಿಗೆ ಸುಣ್ಣ ಬಳಿದು, ಅದರ ಮೇಲೆ ತೆಲಂಗಾಣ ಎಂದು ಬರೆಸಿದ್ದರು. ಸುಣ್ಣ ಸಾಲದೆ ಎರಡೂ ಹೆಸರು ಒಟ್ಟಿಗೇ ಕಾಣುತ್ತಿದ್ದವು. ಲ್ಯಾಬಿನಲ್ಲಿ ಎಂಟು ಕಂಪ್ಯೂಟರುಗಳಿದ್ದವು. ಅವನ್ನು ಒಂದಕ್ಕೊಂದು ಜೋಡಿಸುವ ಡಬ್ಬಿ ನಾನು ಬರುವ ಮೊದಲೇ ಸುಟ್ಟು ಹೋಗಿತ್ತು. ಹೊಸದು ಬೇಕು ಎಂದು ಶಾಲೆಯ ಯಜಮಾನರನ್ನು ಕೇಳಿದೆ.

"ಒಂದಕ್ಕೊಂದು ಜೋಡಿಸಿ ಏನ್ ಮಾಡ್ತೀರಿ ಟೀಚರಮ್ಮ? ಹುಡುಗರು ಚಿತ್ರಾ ಬರಿಯೂದು ಕಲಿತ್ರ ಸಾಕಲ್ಲ," ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ನನಗೆ ಅದು ಮುಗಿದಿರಲಿಲ್ಲ. ನಾರಾಯಣಪೇಟೆಯಲ್ಲಿ ಡಿಗ್ರಿ ಓದುವಾಗ ನಮ್ಮ ಮೇಷ್ಟರು ಒಂದು ಪಾಠವನ್ನು ಪರೀಕ್ಷೆಗೆ ಬರುವುದಿಲ್ಲ ಎಂದು ಹಾರಿಸಿ ಮುಂದೆ ಹೋಗಿದ್ದರು. ಸಾಕೆಟ್ ಪ್ರೋಗ್ರಾಮಿಂಗ್ ಎಂದು ಅದರ ಹೆಸರು. ಒಂದು ಯಂತ್ರದಲ್ಲಿ ನಾವು ಬರೆದಿಟ್ಟ ಪ್ರೋಗ್ರಾಂ ಬೇರೆ ಯಂತ್ರದಲ್ಲಿರುವ ಪ್ರೋಗ್ರಾಂ ಜೊತೆ ಮಾತಾಡುವಂತೆ ಮಾಡುವ ಕೆಲಸ ಅದು; ಆ ಮಾತು ಹೋಗಿ ಬರುವ ಕಂಡಿಯೇ ಸಾಕೆಟ್. ಪರೀಕ್ಷೆಗೆ ಬಾರದ್ದಕ್ಕೇ ಇರಬೇಕು, ನನಗೆ ಅದರ ಮೇಲೆ ಮನಸ್ಸು. ಬೇಡ ಎಂದದ್ದನ್ನು ಹಿಡಿದು ಕೂರುವುದು ನನ್ನ ಹುಟ್ಟು ಸ್ವಭಾವ, ಅದಕ್ಕೆ ಮನೆಯಲ್ಲಿ ಬೈಸಿಕೊಂಡದ್ದೂ ಸಾಕಷ್ಟಿದೆ.

ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಆ ವರ್ಷಗಳಲ್ಲಿ ನಾನು ಬಹಳ ಒಂಟಿಯಾಗಿದ್ದೆ. ಜೊತೆಗೆ ಓದಿದವರೆಲ್ಲ ಮದುವೆಯಾಗಿ ಹೋಗಿದ್ದರು. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದವಳು. ಶಾಲೆಯಲ್ಲಿ ದಿನವಿಡೀ ತೆಲುಗು, ಇಂಗ್ಲಿಷು. ಸಂಜೆ ಬಾಡಿಗೆ ಕೋಣೆಗೆ ಬಂದರೆ ಮನೆಯೊಡತಿ ಅಜ್ಜಿ ಕನ್ನಡದಲ್ಲಿ ನಳ ಬಂತೇ, ಬಟ್ಟೆ ಒಳಗೆ ತಂದೆಯಾ ಎಂದು ಕೇಳುತ್ತಿದ್ದರು. ಅದಕ್ಕಿಂತ ಹೆಚ್ಚಿನ ಮಾತು ನಮ್ಮಿಬ್ಬರಿಗೂ ಹುಟ್ಟುತ್ತಿರಲಿಲ್ಲ. ಕಲಿಯುವ ವಿಷಯದಲ್ಲಂತೂ, ಇದು ಹೀಗೇಕೆ ಎಂದು ಕೇಳಲು ಒಬ್ಬ ಮನುಷ್ಯ ಬೇಕಾಗಿತ್ತು. ಪುಸ್ತಕಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದದ್ದು ಅದು.

ಹಣವುಳ್ಳವರಿಗೆ ದಾರಿ ಸರಳವಾಗಿತ್ತು. ಹೈದರಾಬಾದಿನ ಅಮೀರ್‌ಪೇಟೆಗೆ ಹೋಗಿ, ಹಾಸ್ಟೆಲಿನಲ್ಲಿದ್ದು, ಅಲ್ಲಿ ಸಾಲಾಗಿರುವ ಕಂಪ್ಯೂಟರ್ ಸಂಸ್ಥೆಗಳಲ್ಲಿ ಒಂದರಲ್ಲಿ ಕೋರ್ಸು ಮುಗಿಸಿ ಬರಬೇಕು. ನನ್ನ ಸಂಬಳದಲ್ಲಿ ಹಾಸ್ಟೆಲಿನ ತಿಂಡಿಗೂ ಆಗುತ್ತಿರಲಿಲ್ಲ. ನಾರಾಯಣಪೇಟೆಯ ಗ್ರಂಥಾಲಯದಲ್ಲಿ ಕಂಪ್ಯೂಟರಿನ ಮೇಲೆ ಒಂದೇ ಪುಸ್ತಕವಿತ್ತು. ಅದರಲ್ಲಿ ಕೀಬೋರ್ಡಿನ ಚಿತ್ರ ಹಾಕಿ ಇದು ಕೀಬೋರ್ಡು ಎಂದು ಬರೆದಿತ್ತು. ಫೋನಿನಲ್ಲಿ ಪುಕ್ಕಟೆ ಪಾಠಗಳಿದ್ದವು. ಆದರೆ ಪಾಠ ಹೇಳುವ ಪುಣ್ಯಾತ್ಮ ನಮಸ್ಕಾರ ಹೇಳಿ, ತನ್ನ ಪರಿಚಯ ಮಾಡಿಕೊಂಡು, ಕಳೆದ ಪಾಠದ ಸಾರಾಂಶ ಮುಗಿಸುವುದರಲ್ಲಿ ನನ್ನ ಆ ದಿನದ ಡೇಟಾ ಮುಗಿಯುತ್ತಿತ್ತು.

ಕೊನೆಗೆ ದಾರಿ ತೋರಿಸಿದವರು ನಾರಾಯಣಪೇಟೆಯ ಝೆರಾಕ್ಸ್ ಅಂಗಡಿಯವರು. ಅಮೀರ್‌ಪೇಟೆಯಲ್ಲಿ ಕೂತು ಪಾಠ ಕೇಳಿದವರು ಕೈಯಲ್ಲಿ ಬರೆದುಕೊಂಡ ನೋಟ್ಸನ್ನು ಝೆರಾಕ್ಸ್ ಮಾಡಿ, ಸುರುಳಿ ತಂತಿ ಹಾಕಿ ಮಾರುವ ರೂಢಿ ಆಗ ಊರೂರಿಗೂ ಬಂದಿತ್ತು. ಕೋರ್ಸಿಗೆ ಹೋಗಲಾಗದವರ ಕೋರ್ಸು ಅದು. ಅಂಗಡಿಯವರು ಮೇಲಿನ ಹಲಗೆಯಿಂದ ಕಟ್ಟೊಂದನ್ನು ಇಳಿಸಿ, ಧೂಳು ಕೊಡವಿ, "ಇದರಾಗ ನಿಮ್ಮ ಸಾಕೆಟ್ಟೂ ಐತಿ, ಎಲ್ಲಾ ಐತಿ. ಕೊನೀದು ಇದೊಂದ ಉಳದೈತಿ ನೋಡ್ರಿ," ಎಂದರು. ಅವರ ಎಲ್ಲ ಕಟ್ಟುಗಳೂ ಕೊನೆಯವೇ ಎಂದು ನನಗೆ ಗೊತ್ತಿತ್ತು. ಆದರೂ ಕೊಂಡೆ.

ಆ ನೋಟ್ಸಿನ ಅಕ್ಷರ ಸಣ್ಣದು, ಸಾಲು ನೆಟ್ಟಗೆ. ಇಂಗ್ಲಿಷಿನಲ್ಲಿ ಬರೆದು, ನಡುನಡುವೆ ಮೇಷ್ಟರ ತೆಲುಗು ಮಾತನ್ನೂ ಹಾಗೆಯೇ ಇಳಿಸಿತ್ತು. ಸಾಕೆಟ್ಟಿನ ಪಾಠದ ಮೂರನೇ ಪುಟ ತಿರುವಿದಾಗ ಅಂಚಿನಲ್ಲಿ ಕನ್ನಡ ಕಂಡಿತು. "ಇದು ತಿಳೀಲಿಲ್ಲ. ಬಂದವರಿಗೆ ಮತ್ತೊಂದು ಸಾಕೆಟ್ ಯಾಕ? ನಾಳೆ ಕೇಳಬೇಕು." ಅದರ ಕೆಳಗೆ, ಪಾಠ ಬೇಸರ ಬಂದಾಗ ಗೀಚಿದ್ದಿರಬೇಕು, ಒಂದು ಸಣ್ಣ ಚುಕ್ಕಿ ರಂಗೋಲಿ.

ಓದಿ ಎದ್ದು ನಿಂತೆ. ಅಮೀರ್‌ಪೇಟೆಯ ಆ ಜಂಗುಳಿಯಲ್ಲಿ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಕೂತು, ತನಗೆ ತಿಳಿಯದ್ದನ್ನು ತನ್ನ ಮಾತಿನಲ್ಲಿ ಬರೆದುಕೊಂಡಿದ್ದಳು. ಆ ಹೊತ್ತಿನಿಂದ ಆಕೆಯನ್ನು ಮನಸ್ಸಿನಲ್ಲೇ ಅಕ್ಕ ಎಂದು ಕರೆಯತೊಡಗಿದೆ. ಮರುದಿನ ಕೇಳಿ ತಿಳಿದುಕೊಂಡಿರುತ್ತಾರೆ, ಈಗ ದೊಡ್ಡ ಕೆಲಸದಲ್ಲಿರುತ್ತಾರೆ ಎಂದೆಲ್ಲ ನಾನೇ ತೀರ್ಮಾನ ಮಾಡಿಬಿಟ್ಟೆ.

ಪ್ರೋಗ್ರಾಂ ಎರಡು ಪುಟವಿತ್ತು. ಅದರ ನಡುವೆ, ಯಾವ ಯಂತ್ರಕ್ಕೆ ಮಾತು ಹೋಗಬೇಕೋ ಅದರ ವಿಳಾಸ ಬರೆಯುವ ಜಾಗದಲ್ಲಿ 192.168.1.14 ಎಂದಿತ್ತು. ಅದು ಅಮೀರ್‌ಪೇಟೆಯ ಆ ಸಂಸ್ಥೆಯ ಯಂತ್ರ, ವಿದ್ಯಾರ್ಥಿಗಳು ಅಭ್ಯಾಸ ಮಾಡಲೆಂದೇ ಇಟ್ಟಿದ್ದಾರೆ ಎಂದು ತಿಳಿದುಕೊಂಡೆ. ಬೇರೆ ಏನು ತಿಳಿಯಲು ಸಾಧ್ಯವಿತ್ತು? ನೋಟ್ಸಿನಲ್ಲಿ ಇದ್ದದ್ದನ್ನು ಒಂದು ಚುಕ್ಕಿ ಬಿಡದೆ ಇಳಿಸಿಕೊಳ್ಳಬೇಕು ಎಂದೇ ನಮಗೆ ಒಂದನೇ ಕ್ಲಾಸಿನಿಂದ ಕಲಿಸಿದ್ದು.

ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಬಿನ ಬಾಗಿಲು ಮುಂದಕ್ಕೆ ಹಾಕಿಕೊಂಡು, ಫೋನಿನ ಇಂಟರ್‌ನೆಟ್ಟನ್ನು ತಂತಿಯಿಂದ ಒಂದು ಕಂಪ್ಯೂಟರಿಗೆ ಕೊಟ್ಟು, ಪ್ರೋಗ್ರಾಂ ಓಡಿಸಿದೆ. ನೋಟ್ಸಿನಲ್ಲಿ ಮೊದಲ ಮಾತು ಹಲೋ ಎಂದಿತ್ತು. ನಾನು ಅದನ್ನು ತೆಗೆದು, ಇಂಗ್ಲಿಷ್ ಅಕ್ಷರದಲ್ಲಿ, ನಮಸ್ಕಾರ್ರಿ ಅಕ್ಕಾರ, ನಾನು ಮಕ್ತಲ್‌ದಾಕಿ ಎಂದು ಹಾಕಿದ್ದೆ. ಪರದೆ ಸುಮ್ಮನೆ ಕಾಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ಕಾದ ವೇಳೆ ಮೀರಿತು ಎಂಬ ಇಂಗ್ಲಿಷ್ ಸಾಲು ಬಂತು. ನನ್ನ ನಮಸ್ಕಾರ ಯಾರಿಗೂ ಮುಟ್ಟಿರಲಿಲ್ಲ.

ಹೀಗೆ ಮೂರು ವಾರ. ಒಂದು ದಿನ ಅವರಿಗೆ ರಜೆ ಇರಬಹುದು ಎಂದುಕೊಂಡೆ. ಇನ್ನೊಂದು ದಿನ ಕರೆಂಟು ಹೋಗಿರಬಹುದು ಎಂದುಕೊಂಡೆ. ಅಲ್ಲಿ ಕ್ಲಾಸು ನಡೆಯುವ ಹೊತ್ತನ್ನು ಊಹಿಸಿ ಬೆಳಿಗ್ಗೆ ಪ್ರಾರ್ಥನೆಗಿಂತ ಮೊದಲು ಹೋಗಿ ನೋಡಿದೆ. ಆ ಮೂರು ವಾರದಲ್ಲಿ ಅಜ್ಜಿ ಒಮ್ಮೆ, "ಯಾಕವಾ, ಯಾರದಾರ ಫೋನ್ ಬರೂದೈತೇನು? ಮಾರಿ ಹಂಗ ಮಾಡ್ಕೊಂಡಿಯಲ್ಲ," ಎಂದರು. ಇಲ್ಲ ಎಂದೆ. ಹೇಳಿದರೆ ಅವರಿಗೆ ಅರ್ಥವಾಗುವುದಿಲ್ಲ ಎಂಬ ಸೊಕ್ಕು ನನಗೆ.

ಬೇಸತ್ತು, ನೋಟ್ಸಿನ ಕೊನೆಯ ಪುಟದಲ್ಲಿ ಬರೆದಿದ್ದ ಇನ್ನೊಂದು ವಿಳಾಸ ಹಾಕಿದೆ. ಒಂದೇ ಕಂಪ್ಯೂಟರು ತನ್ನ ಜೊತೆ ತಾನೇ ಮಾತಾಡಲು ಇರುವ ವಿಳಾಸ ಅದು. ಕೂಡಲೇ ಮಾತು ಹೋಯಿತು. ಪರದೆಯ ಒಂದು ಕಿಟಕಿಯಲ್ಲಿ ನಮಸ್ಕಾರ ಬರೆದೆ, ಪಕ್ಕದ ಕಿಟಕಿಯಲ್ಲಿ ಬಂತು. ಅಲ್ಲಿ ನಾನೇ ಚೆನ್ನಾಗಿದೀರೇನ್ರಿ ಎಂದು ಬರೆದೆ, ಇಲ್ಲಿ ಬಂತು. ಐದು ನಿಮಿಷ ಸಂತೋಷವಾಯಿತು. ಆರನೇ ನಿಮಿಷಕ್ಕೆ, ಬಾಗಿಲು ಹಾಕಿಕೊಂಡು ನನ್ನ ಕ್ಷೇಮವನ್ನು ನಾನೇ ವಿಚಾರಿಸುತ್ತಿದ್ದೇನೆ ಎಂದು ಹೊಳೆದು ಕಂಪ್ಯೂಟರು ಆರಿಸಿದೆ.

ಆದರೆ ಮರುದಿನ ಮತ್ತೆ ಕೂತೆ. ಎರಡು ಕಿಟಕಿ ಮೂರಾದವು, ನಾಲ್ಕಾದವು. ಹಾಗೆ ಮಾಡುತ್ತ ಮಾಡುತ್ತ, ಅಂಚಿನಲ್ಲಿದ್ದ ಅಕ್ಕನ ಪ್ರಶ್ನೆಗೆ ಉತ್ತರ ನನಗೆ ತಾನಾಗಿ ತಿಳಿಯಿತು. ಅದರ ಹಿಂದೆಯೇ ನನ್ನವೇ ಹನ್ನೊಂದು ಪ್ರಶ್ನೆಗಳು ಹುಟ್ಟಿದವು. ಅವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ನೋಟ್ಸ್ ಬರೆದವರನ್ನೇ ಹುಡುಕಿ ಕೇಳಬೇಕು ಎಂದು ತೀರ್ಮಾನಿಸಿದೆ.

ನಾರಾಯಣಪೇಟೆಯ ಅಂಗಡಿಯವರು, ಅದು ಗದ್ವಾಲದಿಂದ ಬಂದ ಕಟ್ಟು ಎಂದು ಅಲ್ಲಿಯ ಅಂಗಡಿಯ ಗುರುತು ಹೇಳಿದರು. ಒಂದು ಭಾನುವಾರ ಮಕ್ತಲ್‌ನಿಂದ ಹೊರಟು, ಆತ್ಮಕೂರಿನಲ್ಲಿ ಬಸ್ಸು ಬದಲಿಸಿ, ಜುರಾಲಾ ಅಣೆಕಟ್ಟು ದಾಟಿ ಗದ್ವಾಲಕ್ಕೆ ಹೋದೆ. ಅಲ್ಲಿಯ ಅಂಗಡಿಯವರು ತೆಲುಗಿನವರು. ಕಟ್ಟು ನೋಡಿದೊಡನೆ ನಕ್ಕರು. ಎರಡು ಓಣಿ ಆಚೆಯ ಮಗ್ಗದ ಮನೆಯ ಸೊಸೆ ಹಿಂದೊಮ್ಮೆ ಸರ್ಟಿಫಿಕೇಟುಗಳ ಝೆರಾಕ್ಸಿಗೆ ಬಂದಿದ್ದರಂತೆ. ಅವರ ಕೈಯಲ್ಲಿ ಈ ನೋಟ್ಸು ಕಂಡು, ಇದನ್ನು ಒಂದು ದಿನ ಕೊಡಿ, ಸರ್ಟಿಫಿಕೇಟು ಪುಕ್ಕಟೆ ಮಾಡಿಕೊಡುತ್ತೇನೆ ಎಂದು ಇವರೇ ಕೇಳಿ ಪಡೆದಿದ್ದರಂತೆ. ಮಗ್ಗದ ಮನೆ ಎಂದದ್ದನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕ ಸಿಕ್ಕರು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಬಾಗಿಲಲ್ಲಿ ಅವರ ಅತ್ತೆ ಕೂತಿದ್ದರು. ಸೀರೆ ಕೊಳ್ಳಲು ಬಂದವಳು ಎಂದುಕೊಂಡು ನನ್ನನ್ನು ಒಳಗೆ ಕಳಿಸಿದರು. ಒಳಗೆ ಮಗ್ಗದಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರು. ರೇಷ್ಮೆಯ ಅಂಚನ್ನು ಹತ್ತಿಯ ಒಡಲಿಗೆ ಕೂಡಿಸಿ ನೇಯುವಾಗ ಒಬ್ಬರ ಕೈ ಸಾಲದು. ಆಚೆ ಬದಿಯ ಲಾಳಿಗೆ ಇನ್ನೊಬ್ಬರು ಬೇಕೇ ಬೇಕು. ಆಕೆ ಎದ್ದು ಬಂದರು, ಗಂಡ ಲಾಳಿ ಹಿಡಿದು ಸುಮ್ಮನೆ ಕೂತರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ನಾನು ಸೀರೆ ಕೇಳದೆ ಚೀಲದಿಂದ ಕಟ್ಟು ತೆಗೆದೆ.

"ಅಯ್ಯ, ಇದು ನನ್ನ ಅಕ್ಷರ ಐತಲ್ರಿ! ಎಲ್ಲಿ ಸಿಕ್ತು ನಿಮಗ?"

"ನಾರಾಯಣಪೇಟಿಯಾಗ ಮಾರ್ತಾರ್ರಿ ಅಕ್ಕಾರ."

"ಅಲ್ಲಿ ತನಕಾ ಹೋಗೈತೇನು? ನಾನ ಹೋಗಿಲ್ಲ ನೋಡ್ರಿ ಇನ್ನಾ," ಎಂದು ನಕ್ಕರು. ನಮ್ಮ ಮಕ್ತಲ್ ಹತ್ತಿರದ ಮಾಗನೂರು ಅವರ ತವರು. ನಮ್ಮ ಮಾತು ಕೇಳಿ ಬಹಳ ದಿನವಾಗಿತ್ತೇನೋ, ಕೈ ಹಿಡಿದು ಚಾಪೆಯ ಮೇಲೆ ಕೂರಿಸಿಕೊಂಡರು.

ನಾನು ಮೂರು ವಾರದ ಕಥೆ ಹೇಳಿದೆ. ಹದಿನಾಲ್ಕನೇ ನಂಬರಿನ ಯಂತ್ರ ಯಾವಾಗ ನಡೆಯುತ್ತದೆ ಎಂದು ಕೇಳಿದೆ. ಅವರು ಪುಟ ನೋಡಿದರು, ನನ್ನ ಮುಖ ನೋಡಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅದು ನನ್ನ ಬಾಜೂ ಕುರ್ಚಿ ಕಂಪ್ಯೂಟರ್ರಿ. ಆ ನಂಬರು ಆ ಕ್ವಾಣಿಯಾಗ ಅಷ್ಟ ನಡಿತೈತಿ. ಹೊರಗಿನವರಿಗೆ ಹತ್ತಂಗಿಲ್ಲ. ಅಂಥಾ ನಂಬರು ಎಲ್ಲಾ ಊರಾಗ, ಎಲ್ಲಾ ಕ್ವಾಣ್ಯಾಗ ಇರ್ತಾವ. ಸರ್ ಮೊದಲನೇ ದಿನಾನ ಹೇಳಿದ್ರು. ನಾನ ಬರಕೊಂಡಿಲ್ಲ."

ನನಗೂ ನಗು ಬರಬೇಕಿತ್ತು. ಬರಲಿಲ್ಲ. ಇಪ್ಪತ್ತು ದಿನ ನಮಸ್ಕಾರ ಹೇಳಿದ್ದು ಯಾರಿಗೆ ಎಂದು ತಿಳಿಯುವ ಹಟಕ್ಕೆ, ಆ ಕುರ್ಚಿಯಲ್ಲಿ ಯಾರು ಕೂರುತ್ತಿದ್ದರು ಎಂದು ಕೇಳಿದೆ. ಅವರ ನಗು ನಿಂತಿತು.

"ಯಾರೂ ಇಲ್ರಿ. ಎಲ್ಲಾರೂ ಜೋಡಿ ಮಾಡ್ಕೊಂಡು ಕುಂದರ್ತಿದ್ರು, ಒಬ್ರು ಈ ಕಡಿ, ಒಬ್ರು ಆ ಕಡಿ. ನನ್ನ ತೆಲುಗು ಕೇಳಿ ನಗ್ತಿದ್ರು. ಹಂಗಾಗಿ ನನ್ನ ಜೋಡಿ ಯಾರೂ ಬರಲಿಲ್ಲ. ಇಲ್ಲಿ ಕುಂತು ಬರಿಯೂದು, ಎದ್ದು ಹೋಗಿ ಆ ಕುರ್ಚಿಯಾಗ ಕುಂತು ನಾನ ಉತ್ತರಾ ಬರಿಯೂದು, ಮತ್ತ ಇಲ್ಲಿ ಬಂದು ಓದೂದು."

"ನಾಳೆ ಕೇಳಬೇಕು ಅಂತ ಬರದೀರಲ್ಲ. ಕೇಳಿದ್ರೇನು?"

"ಇಲ್ಲ. ಕೇಳಿದ್ರ ಎಲ್ಲಾರೂ ಹೊಳ್ಳಿ ನೋಡ್ತಿದ್ರು." ದನಿ ತಗ್ಗಿಸಿ ಕೇಳಿದರು. "ನಿಮಗ ಗೊತ್ತೈತೇನ್ರಿ ಅದು? ಬಂದವರಿಗೆ ಮತ್ತೊಂದು ಸಾಕೆಟ್ ಯಾಕ?"

ನಾನು ಕೇಳಲು ಹೋದವಳು. ಆದರೆ ಅದೊಂದು ನನಗೆ ಗೊತ್ತಿತ್ತು. ಸುತ್ತ ನೋಡಿ, ಕಣ್ಣಿಗೆ ಬಿದ್ದದ್ದರಿಂದಲೇ ಹೇಳಿದೆ. "ನಿಮ್ಮ ಅತ್ತಿಯವರು ಬಾಗಲದಾಗ ಕುಂತಾರಲ್ರಿ. ನಾ ಬಂದ ಕೂಡ್ಲೆ ಒಳಗ ನಿಮ್ಮ ಹತ್ರ ಕಳಿಸಿದ್ರು, ತಾವು ಅಲ್ಲೇ ಉಳದ್ರು. ಅವರೂ ಒಳಗ ಬಂದು ನನ್ನ ಜೋಡಿ ಮಾತಾಡ್ಕೋತ ಕುಂತ್ರ, ಮುಂದ ಬರೋರನ್ನ ಒಳಗ ಕರಿಯೋರು ಯಾರು? ಹಂಗ, ಬಾಗಲಾ ಕಾಯೂ ಸಾಕೆಟ್ ಬ್ಯಾರೆ, ಬಂದವರ ಜೋಡಿ ಮಾತಾಡೂ ಸಾಕೆಟ್ ಬ್ಯಾರೆ."

ಅವರು ಬಾಗಿಲ ಕಡೆ ನೋಡಿದರು. ಬಹಳ ಹೊತ್ತು ನೋಡಿದರು.

"ಇಷ್ಟ ಐತೇನ್ರಿ ಅದು?" ಎಂದರು. "ಇದೊಂದು ತಿಳೀಲಿಲ್ಲಂತ ಮುಂದಿಂದು ಏನೂ ತಲಿಗೆ ಹತ್ತಲಿಲ್ಲ ನನಗ. ಅರ್ಧಾ ಬಿಟ್ಟು ಬಂದ್ನಿ. ನನ್ನ ತಲಿನ ದಡ್ಡ ಅನಕೊಂಡಿದ್ದೆ ಇಷ್ಟ ದಿನಾ."

ನನ್ನ ಹನ್ನೊಂದು ಪ್ರಶ್ನೆಗಳ ಹಾಳೆಯನ್ನು ನಾನು ಚೀಲದಿಂದ ತೆಗೆಯಲೇ ಇಲ್ಲ. ಚಹಾ ಕೊಟ್ಟರು. ಮಗ್ಗದಲ್ಲಿ ಗಂಡ ಒಮ್ಮೆ ಕೆಮ್ಮಿದರು. ಎದ್ದು ಹೊರಟಾಗ ಅವರು ಬಾಗಿಲವರೆಗೂ ಬಂದು ತಮ್ಮ ಫೋನ್ ನಂಬರು ಹೇಳಿದರು. ನನ್ನ ಫೋನು ಆಗಲೇ ಸತ್ತಿತ್ತು. ಬಸ್ಸಿನ ಚೀಟಿಯ ಹಿಂದೆ ಬರೆದುಕೊಂಡೆ.

"ಮನಿ ಮುಟ್ಟಿದ ಮ್ಯಾಲೆ ಒಂದು ಮಿಸ್ ಕಾಲ್ ಕೊಡ್ರಿ. ನಿಮ್ಮ ನಂಬರು ನನ್ನ ಹತ್ರ ಬರ್ತೈತಿ. ಮುಂದಿಂದು ತಿಳೀಲಿಲ್ಲಂದ್ರ ನಿಮಗ ಕೇಳ್ತೀನಿ."

ನಮ್ಮ ಕಡೆ ಇದು ಕಟ್ಟಳೆ. ಯಾರ ಮನೆಗೆ ಹೋಗಿ ಬಂದರೂ, ಸುಖವಾಗಿ ಮುಟ್ಟಿದೆ ಎಂದು ಒಂದು ಮಿಸ್ ಕಾಲ್ ಕೊಡಬೇಕು. ಯಾರೂ ಎತ್ತುವುದಿಲ್ಲ, ಯಾರಿಗೂ ಖರ್ಚಿಲ್ಲ. ಕೊಡದಿದ್ದರೆ ಅದು ಮರೆವಲ್ಲ, ಅವಮಾನ. ಕೊಡ್ತೀನ್ರಿ ಎಂದೆ.

ಬಸ್ಸು ಜುರಾಲಾ ದಾಟುವ ಮೊದಲೇ ಅಳು ಬಂತು. ಸೆರಗನ್ನು ಮುಖಕ್ಕೆ ಒತ್ತಿಕೊಂಡೆ. ಕೇಳಲು ಒಬ್ಬರು ಸಿಗುತ್ತಾರೆ ಎಂದು ಹೋದರೆ, ನನ್ನನ್ನೇ ಕೇಳುವವರು ಸಿಕ್ಕರು. ನನಗಿಂತ ಮುಂದೆ ಯಾರೂ ಇಲ್ಲ ಎಂಬುದು ಅವತ್ತು ಗೊತ್ತಾಯಿತು. ಆತ್ಮಕೂರಿನಲ್ಲಿ ಇಳಿಯುವ ಹೊತ್ತಿಗೆ ಆ ದುಃಖ ಸಿಟ್ಟಾಗಿತ್ತು. ಅಕ್ಕನ ಮೇಲೆ ಸಿಟ್ಟು. ಕೇಳಬೇಕು ಎಂದು ಬರೆದವರು ಕೇಳಬಾರದಿತ್ತೇ? ಒಂದು ಸಾಲು ಬರೆದುಕೊಳ್ಳದೆ ಬಿಟ್ಟು ನನ್ನನ್ನು ಮೂರು ವಾರ ಕಾಯಿಸಿದರಲ್ಲ! ಅನ್ಯಾಯದ ಸಿಟ್ಟು ಅದು. ಅಂಥದೇ ನನಗೆ ಬೇಗ ಬರುವುದು.

ಮನೆ ಮುಟ್ಟಿ ಫೋನಿಗೆ ಚಾರ್ಜು ಹಾಕಿದೆ. ಮಿಸ್ ಕಾಲ್ ಕೊಡಲಿಲ್ಲ. ನಾಳೆ ಕೊಟ್ಟರಾಯಿತು ಎಂದುಕೊಂಡೆ. ಮರುದಿನ ಸಿಟ್ಟು ಇಳಿದಿತ್ತು, ಆದರೆ ಒಂದು ದಿನ ತಡವಾಗಿ ಮಿಸ್ ಕಾಲ್ ಕೊಡುವುದು ಹೇಗೆ ಎಂದು ಸಂಕೋಚವಾಯಿತು. ವಾರ ಕಳೆದ ಮೇಲೆ ಸಂಕೋಚ ನಾಚಿಕೆಯಾಯಿತು. ಮುಂದೆ ಆ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು, ಬೇಕಾದರೆ ಅವರೇ ಮಾಡುತ್ತಾರೆ ಎಂದು ಮನಸ್ಸಿಗೆ ಹೇಳಿಕೊಂಡೆ.

ಆ ವರ್ಷದ ಕೊನೆಗೆ ಯಜಮಾನರು, ತನಿಖೆಯವರು ಬರುತ್ತಾರೆಂದು ಲ್ಯಾಬಿಗೆ ಹೊಸ ಡಬ್ಬಿ ತರಿಸಿದರು. ಎರಡು ಬೇರೆ ಬೇರೆ ಯಂತ್ರಗಳ ನಡುವೆ ನನ್ನ ಪ್ರೋಗ್ರಾಂ ಮೊದಲ ಸಲ ಮಾತಾಡಿತು. ಒಂದರಲ್ಲಿ ಬರೆದು, ಎದ್ದು ಹೋಗಿ, ಇನ್ನೊಂದರ ಮುಂದೆ ಕೂತು ಉತ್ತರ ಬರೆದೆ. ಮೂರು ಸಲ ಹೀಗೆ ಓಡಾಡಿದ ಮೇಲೆ, ಅಮೀರ್‌ಪೇಟೆಯಲ್ಲಿ ಇದನ್ನೇ ಮಾಡಿದವರ ನೆನಪಾಗಿ ಅಲ್ಲಿಯೇ ಕೂತುಬಿಟ್ಟೆ.

ಮುಂದಿನ ಬೇಸಿಗೆ ರಜೆಯಲ್ಲಿ, ನಾನು ಕಲಿತಷ್ಟನ್ನು ಕನ್ನಡದಲ್ಲಿ ನೋಟ್ಸ್ ಮಾಡಿ ನಾರಾಯಣಪೇಟೆಯ ಝೆರಾಕ್ಸ್ ಅಂಗಡಿಗೆ ಕೊಡೋಣ ಎಂದು ಬರೆಯಲು ಕೂತೆ. ಕೊಳ್ಳಲು ಯಾರೂ ಬರುವುದಿಲ್ಲ ಎಂದು ಅಂಗಡಿಯವರು ಹೇಳಿಯೇ ಇದ್ದರು. ಹೊರಗಿನವರಿಗೆ ಹತ್ತದ ನಂಬರುಗಳ ವಿಷಯವನ್ನು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದೆ. ಎರಡನೇ ಪುಟದಲ್ಲಿ, ಎರಡು ಕಡೆಯವರಲ್ಲಿ ಯಾರ ಕೆಲಸ ಏನು ಎಂದು ವಿವರಿಸುತ್ತ ಹೀಗೆ ಬರೆದೆ: "ಕಾಯುವವರಿಗೆ ಬರುವವರ ವಿಳಾಸ ಗೊತ್ತಿರುವುದಿಲ್ಲ. ಅವರು ಎಷ್ಟು ಕಾದರೂ ತಾವಾಗಿ ಕರೆಯಲಾರರು. ವಿಳಾಸ ಇರುವವರೇ ಮೊದಲು ಕರೆಯಬೇಕು."

ಬರೆದು ಪೆನ್ನು ಕೆಳಗಿಟ್ಟೆ. ಅವರ ಹತ್ತಿರ ನನ್ನ ನಂಬರು ಇರಲೇ ಇಲ್ಲ. ಬೇಕಾದರೆ ಅವರೇ ಮಾಡುತ್ತಾರೆ ಎಂದು ನಾನು ಇಷ್ಟು ತಿಂಗಳು ಹೇಳಿಕೊಂಡದ್ದು ಶುದ್ಧ ಸುಳ್ಳು, ಅದು ಸುಳ್ಳೆಂದು ನನಗೆ ಒಳಗೇ ಗೊತ್ತಿತ್ತು. ಪೆಟ್ಟಿಗೆಯಿಂದ ಚೀಟಿ ತೆಗೆದು ಫೋನ್ ಮಾಡಿದೆ. ಈ ನಂಬರು ಬಳಕೆಯಲ್ಲಿಲ್ಲ ಎಂದು ಒಂದು ಹೆಣ್ಣಿನ ದನಿ ತೆಲುಗಿನಲ್ಲಿ ಹೇಳಿತು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿತು. ಪುಕ್ಕಟೆ ಡೇಟಾ ಕೊಡುವ ಹೊಸ ಸಿಮ್ಮಿಗೆ ಊರೆಲ್ಲ ಬದಲಾಗುತ್ತಿದ್ದ ಕಾಲ ಅದು, ಅವರೂ ಬದಲಾಗಿರಬೇಕು.

ನೋಟ್ಸು ಮುಗಿಸಿ ಅಂಗಡಿಗೆ ಕೊಟ್ಟೆ. ಮಾಗನೂರಿನಿಂದ ಬಂದು ಇನ್ನೊಬ್ಬರ ಊರಿನಲ್ಲಿ ತನ್ನ ತಲೆಯೇ ದಡ್ಡ ಎಂದುಕೊಂಡಿದ್ದವರು, ಅವತ್ತು ಸಂಜೆ ಒಂದು ಮಿಸ್ ಕಾಲಿಗೆ ಕಾದಿರುತ್ತಾರೆ. ನಾನು ಮುಟ್ಟಲಿಲ್ಲವೇನೋ ಎಂದು ಹೆದರಿರುತ್ತಾರೆ, ಆಮೇಲೆ ಇವಳೂ ಹಾಗೆಯೇ ಎಂದುಕೊಂಡಿರುತ್ತಾರೆ. ಆ ಮನೆ, ಆ ಓಣಿ, ಬಾಗಿಲು ಎಲ್ಲ ನನಗೆ ಗೊತ್ತು. ಗದ್ವಾಲಕ್ಕೆ ಎರಡು ಬಸ್ಸು. ಇನ್ನೂ ಹೋಗಿಲ್ಲ.